ಮಿದುಳಿಗೂ ಬೇಕು ಘಂಟಾಗಾಡಿ

ಪುಣೆಯಲ್ಲಿ ಎರಡು ದಿನ ಘಂಟಾಗಾಡಿ ಬರದಿದ್ದರೆ ಕಸದ ಡಬ್ಬಿ ಏನಾಗುತ್ತದೆಂದು ನಿಮಗೆ ಗೊತ್ತು. ಮಿದುಳಿನ ಕಥೆಯೂ ಹಾಗೆಯೇ. ದಿನವಿಡೀ ದುಡಿಯುವ ಮಿದುಳಿನಲ್ಲಿ ಬೀಟಾ ಅಮೈಲಾಯ್ಡ್‌ನಂಥ ತ್ಯಾಜ್ಯ ಸೇರುತ್ತದೆ. ಮಿದುಳಿನ ಸುತ್ತಲಿನ ದ್ರವ ರಕ್ತನಾಳಗಳ ಪಕ್ಕದಿಂದ ಒಳಗೆ ಹರಿದು ಅದನ್ನು ತೊಳೆಯುತ್ತದೆ.

ನಿದ್ದೆಯಲ್ಲಿ ಈ ಕೆಲಸ ಚುರುಕಾಗುತ್ತದೆ ಎಂದು 2013ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್ಗಾರ್ಡ್ ತಂಡ ಇಲಿಗಳಲ್ಲಿ ಕಂಡಿತು. 2024ರಲ್ಲಿ ಲಂಡನ್ ವಿಜ್ಞಾನಿಗಳು ಇಲಿಗಳಲ್ಲೇ ಇದಕ್ಕೆ ವಿರುದ್ಧ ಫಲಿತಾಂಶ ಕಂಡರು; ಚರ್ಚೆ ನಡೆದಿದೆ. ಆದರೆ ಬ್ರಿಟನ್ನಿನ ಸುಮಾರು 8,000 ಜನರನ್ನು 25 ವರ್ಷ ಗಮನಿಸಿದ ಅಧ್ಯಯನ (2021) ಹೇಳುವುದಿಷ್ಟು: 50ರಿಂದ 70ರ ವಯಸ್ಸಿನವರೆಗೂ ಸತತ 6 ಗಂಟೆ ಅಥವಾ ಕಡಿಮೆ ಮಲಗಿದವರಲ್ಲಿ ಮರೆಗುಳಿ ಕಾಯಿಲೆಯ ಅಪಾಯ ಶೇ. 30ರಷ್ಟು ಹೆಚ್ಚು.

ನಿಮ್ಮ ಮಗನೋ ಸೊಸೆಯೋ ಹಿಂಜವಡಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗುತ್ತಾರೆಯೇ? ಕೊರಿಯರ್ ಬಂತು, ಊರಿಂದ ಫೋನ್ ಬಂತು, ತಿಂಡಿ ಆರುತ್ತದೆ ಎಂದು ಎಬ್ಬಿಸಬೇಡಿ.

✅ ಕೋಣೆಗೆ ದಪ್ಪ ಪರದೆ ಹಾಕಿ
✅ ಒಂದೇ ಸಮನೆ 7 ಗಂಟೆ ಮಲಗಲು ಬಿಡಿ
✅ ಪಾಳಿಯ ಕೊನೆಯ ಗಂಟೆಗಳಲ್ಲಿ ಚಹಾ, ಕಾಫಿ ಬೇಡ
✅ ಗೊರಕೆಯ ನಡುವೆ ಉಸಿರು ನಿಂತಂತಾದರೆ ವೈದ್ಯರಿಗೆ ತೋರಿಸಿ

ನಿದ್ದೆ ಸೋಮಾರಿತನವಲ್ಲ. ಪಾಳಿಯಲ್ಲಿ ದುಡಿಯುವವರಿರುವ ಮನೆಗಳಿಗೆ ತಪ್ಪದೆ ಕಳುಹಿಸಿ. 🙏