ಲೆಕ್ಕ ಯಂತ್ರದ್ದು, ಸಾಕ್ಷಿ ಮಣ್ಣಿನದು

ಹನಿ ನೀರಾವರಿಗೆ ಈಗ ಮಾಡೆಲ್ ಪ್ರಿಡಿಕ್ಟಿವ್ ಕಂಟ್ರೋಲ್ ಎಂಬ ವಿಧಾನ ಬಂದಿದೆ. ಹಾಗೆಂದರೇನು? ಈಗ ಮಣ್ಣಿನಲ್ಲಿ ತೇವ ಎಷ್ಟಿದೆ, ಮುಂದಿನ ಕೆಲವು ದಿನ ಬೆಳೆಗೆ ಎಷ್ಟು ಬೇಕಾದೀತು, ಮಳೆ ಬಂದೀತೇ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಆದರೆ ಇವತ್ತಿನ ಪಾಲಿನ ನೀರು ಮಾತ್ರ ಬಿಡುತ್ತದೆ. ನಾಳೆ ಮತ್ತೆ ತೇವ ಅಳೆದು ಹೊಸ ಲೆಕ್ಕ.

ಹೀಗೆ ಅಳೆದು ಹೇಳುವುದೇ ಸೆನ್ಸರಿನ ಕೆಲಸ. ಟೆನ್ಸಿಯೋಮೀಟರನ್ನೇ ನೋಡಿ. ಅದು ನೀರು ತುಂಬಿದ ಕೊಳವೆ. ತುದಿಯಲ್ಲಿ ಪಿಂಗಾಣಿಯ ಬಟ್ಟಲು. ಮಣ್ಣು ಒಣಗಿದಂತೆ ಕೊಳವೆಯ ನೀರನ್ನು ಎಳೆಯುತ್ತದೆ, ಮುಳ್ಳು ಏರುತ್ತದೆ. ಸೊನ್ನೆ ಎಂದರೆ ನೆಲ ತುಂಬ ತೇವವಾಗಿದೆ. ಯಂತ್ರಕ್ಕೆ ತಂತಿಯಿಂದ ಸುದ್ದಿ ಮುಟ್ಟಿಸುವಂಥವೂ ಇವೆ. ಆದರೆ ಸುಮಾರು 80 ಸೆಂಟಿಬಾರ್ ದಾಟಿದರೆ ಕೊಳವೆಗೆ ಗಾಳಿ ಹೊಕ್ಕು ಮುಳ್ಳು ಸೊನ್ನೆಯತ್ತ ಬೀಳುತ್ತದೆ. ಆಗ ಒಣನೆಲವನ್ನೇ ಯಂತ್ರ ಹಸಿನೆಲವೆಂದು ನಂಬಿ ನೀರು ನಿಲ್ಲಿಸೀತು, ಬೆಳೆ ಬಾಡೀತು!

ಆದ್ದರಿಂದ ಬಟ್ಟಲನ್ನು ಬೇರಿನ ಹತ್ತಿರ, ಮಣ್ಣಿಗೆ ಅಂಟಿಕೊಂಡಿರುವಂತೆ ಹೂಳಿ. ಕೊಳವೆಯಲ್ಲಿ ನೀರು ಇಳಿಯಲು ಬಿಡಬೇಡಿ. ಆಗಾಗ ಬೇರಿನ ಮಟ್ಟದಿಂದ ಒಂದು ಹಿಡಿ ಮಣ್ಣು ತೆಗೆದು ಅಮುಕಿ ನೋಡಿ. ಮುಳ್ಳು ಹೇಳುವುದಕ್ಕೂ ಅಂಗೈ ಹೇಳುವುದಕ್ಕೂ ತಾಳೆಯಾಗದಿದ್ದರೆ, ಮೊದಲು ಸೆನ್ಸರನ್ನು ಸರಿಪಡಿಸಿ. ಲೆಕ್ಕವನ್ನು ಆಮೇಲೆ ನಂಬಿ.