ಬಳಕೆದಾರರ ಅನುಭವಕಥನ (ಪ್ರೋಗ್ರಾಮಿಂಗ್ ಭಾಷೆ)

ಬಳಕೆದಾರರ ಅನುಭವಕಥನ ಎಂದರೆ ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಆರಿಸಿದ ಕಾರಣ, ಬಳಕೆಯಲ್ಲಿ ಎದುರಾದ ತೊಡಕು ಮತ್ತು ಪಡೆದ ಫಲವನ್ನು ಬಳಸಿದವರೇ ತಿಳಿಸುವ ಬರಹ. ಭಾಷೆಯ ಪ್ರಚಾರಕ್ಕಾಗಿ ಇಂಥವನ್ನು ಸಂಗ್ರಹಿಸಲಾಗುತ್ತದೆ. ಗೂಗಲ್ 2009ರಲ್ಲಿ ಬಿಡುಗಡೆ ಮಾಡಿದ ಗೋ ಭಾಷೆಯ ಅಧಿಕೃತ ತಾಣದಲ್ಲಿ ಪೇಪಾಲ್, ಅಮೆರಿಕನ್ ಎಕ್ಸ್‌ಪ್ರೆಸ್ ಸಂಸ್ಥೆಗಳ ಕಥನಗಳಿವೆ.

ಬೊಮ್ಮನಹಳ್ಳಿಯ ಪಶ್ಚಿಮಕ್ಕಿರುವ ಜೆ.ಪಿ. ನಗರದ ಷೇರು ದಲ್ಲಾಳಿ ಸಂಸ್ಥೆ ಜೆರೋಧಾದ ತಂತ್ರಜ್ಞರೂ ತಮ್ಮ ಗೋ ಬಳಕೆಯ ಬಗ್ಗೆ ಬರೆದಿದ್ದಾರೆ. ಅದರ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ ಗೋ ಭಾಷೆಯಲ್ಲಿ ರಚಿಸಿದ, ಸಾಮೂಹಿಕ ಮಿಂಚಂಚೆ ಕಳುಹಿಸುವ ‘ಲಿಸ್ಟ್‌ಮಾಂಕ್’ ಮುಕ್ತ ತಂತ್ರಾಂಶವಾಗಿರುವುದರಿಂದ, ಓದುಗರು ಕಥನವನ್ನಷ್ಟೇ ನಂಬದೆ ಕೋಡನ್ನೇ ಪರಿಶೀಲಿಸಬಹುದು.

ಭಾಷೆಯನ್ನು ಕೈಬಿಟ್ಟವರ ಕಥನಗಳು ಇಂಥ ಸಂಗ್ರಹಗಳಲ್ಲಿ ವಿರಳ. ವಯಾವೆಬ್‌ನ ಗೆಲುವಿಗೆ ಲಿಸ್ಪ್ ಭಾಷೆ ಕಾರಣವೆಂದು ಪಾಲ್ ಗ್ರಹಾಂ 2001ರಲ್ಲಿ ಬರೆದ ಪ್ರಬಂಧ ಪ್ರಸಿದ್ಧ. ಆ ಸಂಸ್ಥೆಯನ್ನು 1998ರಲ್ಲಿ ಕೊಂಡಿದ್ದ ಯಾಹೂ ಮುಂದೆ ಅದೇ ತಂತ್ರಾಂಶವನ್ನು ಸಿ ಪ್ಲಸ್ ಪ್ಲಸ್ ಮತ್ತು ಪರ್ಲ್‌ಗಳಲ್ಲಿ ಮರುರಚಿಸಿದ್ದು ಅಷ್ಟು ಪ್ರಸಿದ್ಧವಲ್ಲ.