ನಿದ್ರೆ, ನೆನಪು ಮತ್ತು ನೀರುಬ್ರಾಹ್ಮಿ

ಪರೀಕ್ಷೆಯ ಕಾಲ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ದೀಪವೇ ಆರುವುದಿಲ್ಲ. ಮಕ್ಕಳು ಇರುಳೆಲ್ಲ ಓದುತ್ತಾರೆ. ನೆನಪು ಉಳಿಯಲೆಂದು ತಾಯಂದಿರು ಒಂದೆಲಗದ ಚಟ್ನಿ ಬಡಿಸುತ್ತಾರೆ. ಈ ವಾತ್ಸಲ್ಯ ಸ್ತುತ್ಯವಾದುದೇ. ಆದರೂ ಕೆಲವು ಸಂಗತಿಗಳನ್ನು ಅರಿತಿರುವುದು ಒಳಿತು.

ಬ್ರಾಹ್ಮಿಯೆಂಬ ಹೆಸರು ನಮ್ಮಲ್ಲಿ ಎರಡು ಸಸ್ಯಗಳಿಗೆ ಸಲ್ಲುತ್ತದೆ. ದುಂಡನೆಯ ಎಲೆಯ ಒಂದೆಲಗ ಒಂದು. ಜೌಗುನೆಲದಲ್ಲಿ ಹಬ್ಬುವ, ಸಣ್ಣ ದಪ್ಪ ಎಲೆಗಳ ನೀರುಬ್ರಾಹ್ಮಿ ಇನ್ನೊಂದು. ಬೇಕೋಸೈಡ್ ಎಂಬ ಸತ್ತ್ವವಿರುವುದು ಎರಡನೆಯದರಲ್ಲಿ. 2001ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು 46 ಮಂದಿ ಆರೋಗ್ಯವಂತರಲ್ಲಿ ಇದನ್ನು ಪರೀಕ್ಷಿಸಿದರು. ದಿನಕ್ಕೆ 300 ಮಿಲಿಗ್ರಾಂ ಸಾರ ಸೇವಿಸಿದವರಲ್ಲಿ ಕಲಿಕೆ ಚುರುಕಾಯಿತು. ಫಲ ಚೆನ್ನಾಗಿ ಕಂಡುದು 12 ವಾರಗಳ ತರುವಾಯ. ಆದುದರಿಂದ ಇದು ಒಂದು ರಾತ್ರಿಯ ಮದ್ದಲ್ಲ. ಮೇಲಾಗಿ ಆ ಪ್ರಯೋಗ ನಿದ್ದೆಗೆಟ್ಟವರ ಕುರಿತಾದುದೂ ಅಲ್ಲ.

ಅರಿಸಿನದಲ್ಲಿರುವ ಕರ್ಕ್ಯುಮಿನ್, ನಿದ್ದೆಗೆಡಿಸಿದ ಇಲಿಗಳಲ್ಲಿ ನೆನಪಿನ ಹಾನಿಯನ್ನು ತಗ್ಗಿಸಿದುದುಂಟು. ಮನುಷ್ಯರಲ್ಲಿ ಅದಿನ್ನೂ ಸಿದ್ಧಪಟ್ಟಿಲ್ಲ.

ಹಗಲು ಕಲಿತುದನ್ನು ಮಿದುಳು ನೆಲೆಗೊಳಿಸುವುದು ನಿದ್ರೆಯಲ್ಲಿ. ಆ ಕೆಲಸಕ್ಕೆ ಸಮಯವನ್ನೇ ಕೊಡದೆ ಸೊಪ್ಪನ್ನು ಮಾತ್ರ ಕೊಟ್ಟರೆ, ಬಿತ್ತಿದ ಹೊಲಕ್ಕೆ ನೀರು ಹಾಯಿಸದೆ ಗೊಬ್ಬರ ಸುರಿದಂತಾದೀತು. ತಾಯಂದಿರೇ, ಚಟ್ನಿಯನ್ನು ಅವಶ್ಯ ಬಡಿಸಿರಿ. ಹೊತ್ತಿಗೆ ಸರಿಯಾಗಿ ದೀಪವನ್ನೂ ಆರಿಸಿರಿ.